ತಬೇಲಕ್ಕೂ ಫೈರ್ ಸರ್ಟಿಫಿಕೇಟ್ ಬೇಕಾ?

ಓದುಗರ ಪ್ರಶ್ನೆಗಳಿಗೆ ಡೊಂಬಿವಲಿಯ ನಿವೃತ್ತ ಪಶುವೈದ್ಯೆಯೊಬ್ಬರ ಉತ್ತರ

ಪ್ರಶ್ನೆ: ಅಂಧೇರಿಯಲ್ಲಿ ನನ್ನದೊಂದು ಸಣ್ಣ ಹೋಟೆಲ್ ಇದೆ. ಊರು ಕುಂದಾಪುರದ ಕಡೆ. ಹಾಲಿನ ತಾಪತ್ರಯ ತಪ್ಪಲಿ ಅಂತ ವಸಯಿ ಹತ್ತಿರ 40 ಎಮ್ಮೆಗಳ ತಬೇಲಾ, ಅಂದರೆ ಹಾಲಿನ ಎಮ್ಮೆಗಳ ಕೊಟ್ಟಿಗೆ, ಒಂದನ್ನು ಲೀಸಿಗೆ ಹಿಡಿದಿದ್ದೇನೆ. ಕೆಳಗೆ ಎಮ್ಮೆ, ಮೇಲೆ ಹುಲ್ಲಿನ ಅಟ್ಟ. ಕೆಲಸದ ಹುಡುಗರು ಅಲ್ಲೇ ಮಲಗುತ್ತಾರೆ. "ದನದ ಕೊಟ್ಟಿಗೆಗೆ ಎಂಥ ಫೈರ್ ಕಾನೂನು ಮಾರಾಯ್ರೆ" ಎಂದು ಜಾಗದ ಮಾಲೀಕರು ನಗುತ್ತಾರೆ. ಇನ್ನೊಬ್ಬ ಏಜೆಂಟ್ ಬಂದು, ಸರ್ಟಿಫಿಕೇಟ್ ಮಾಡಿಸಿ ಕೊಡ್ತೇನೆ, ಜಾಗ ನೋಡಲಿಕ್ಕೂ ಬರುವುದಿಲ್ಲ, ದುಡ್ಡು ಕೊಡಿ ಅಂತಾನೆ. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ ನಂಬಬೇಡಿ.

ಮೊದಲು ಮಾಲೀಕರ ಮಾತು. ಮಹಾರಾಷ್ಟ್ರದಲ್ಲಿ ಬೆಂಕಿ ತಡೆ ಮತ್ತು ಜೀವ ಸುರಕ್ಷೆಗೆ 2006ರ ಕಾಯ್ದೆ ಇದೆ. ಜಾರಿಗೆ ಬಂದದ್ದು 2008ರ ಡಿಸೆಂಬರ್ 6ರಂದು. ಅದು ಹೊಣೆ ಹೊರಿಸುವುದು ಕಟ್ಟಡದ ಮಾಲೀಕರ ಮೇಲೆ ಮಾತ್ರ ಅಲ್ಲ, ಅಲ್ಲಿದ್ದು ವಹಿವಾಟು ನಡೆಸುವವರ ಮೇಲೂ. ಅಂದರೆ ಲೀಸಿನ ಕಾಗದದಲ್ಲಿ ನಿಮ್ಮ ಸಹಿ ಬಿದ್ದ ದಿನದಿಂದ ನೀವೂ ಅದರ ಒಳಗೆ. ತಪ್ಪಿದರೆ ದಂಡದ ಜೊತೆ ಜೈಲಿನ ಶಿಕ್ಷೆಗೂ ಅದರಲ್ಲಿ ಜಾಗ ಇದೆ. ಮಾಲೀಕರು ನಗುತ್ತಿರಲಿ, ಬಿಡಿ.

ಇನ್ನು ಕೊಟ್ಟಿಗೆ ಕಟ್ಟಡದ ಲೆಕ್ಕಕ್ಕೆ ಬರುತ್ತದಾ ಅನ್ನೋದು. ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದಿದೆ, 2016ರದ್ದು. ಅದರ ನಾಲ್ಕನೇ ಭಾಗ ಪೂರ್ತಿ ಬೆಂಕಿಯ ಬಗ್ಗೆ. ಅದು ಕಟ್ಟಡಗಳನ್ನೆಲ್ಲ ಗುಂಪು ಗುಂಪಾಗಿ ಹಂಚುತ್ತದೆ: ಮನೆ ಒಂದು ಗುಂಪು, ಶಾಲೆ ಒಂದು, ಆಸ್ಪತ್ರೆ ಒಂದು, ಹೀಗೆ. ದನದ ಕೊಟ್ಟಿಗೆ, ಕುದುರೆ ಲಾಯ ಬರುವುದು 'ಎಚ್' ಗುಂಪಿನಲ್ಲಿ. ಅದು ಗೋದಾಮುಗಳ ಗುಂಪು! ಕೋಲ್ಡ್ ಸ್ಟೋರೇಜು, ಟ್ರಕ್ ನಿಲ್ಲಿಸುವ ಶೆಡ್ಡು, ಕಾಳಿನ ಉಗ್ರಾಣ, ಅವುಗಳ ಪಕ್ಕದಲ್ಲಿ ನಮ್ಮ ಎಮ್ಮೆ. ಉಸಿರಾಡುವ ಪ್ರಾಣಿಯನ್ನು ಅಕ್ಕಿ ಮೂಟೆಯ ಸಾಲಿಗೆ ಸೇರಿಸಿದ್ದು ನನಗಂತೂ ಒಪ್ಪಿಗೆ ಇಲ್ಲ. ಹೊರಗೆ ಹೋಗುವ ದಾರಿ ಎಷ್ಟು ಅಗಲ ಇರಬೇಕು ಅಂತ ಲೆಕ್ಕ ಹಾಕುವಾಗಲೂ ಎಣಿಸುವುದು ಜನರನ್ನು. 40 ಎಮ್ಮೆ, 5 ಆಳು ಇರುವ ತಬೇಲಾ ಆ ಲೆಕ್ಕದಲ್ಲಿ 5 ಜನರ ಗೋದಾಮು.

ಎಷ್ಟು ಉಪಕರಣ ಬೇಕು ಅನ್ನೋದು ಕಟ್ಟಡದ ಎತ್ತರ, ವಿಸ್ತೀರ್ಣ ನೋಡಿ ನಿರ್ಧಾರ ಆಗುತ್ತದೆ. ನಿಮ್ಮ ಜಾಗ ವಸಯಿ-ವಿರಾರ್ ಪಾಲಿಕೆಯ ಒಳಗಿದ್ದರೆ ಪಾಲಿಕೆಯ ಅಗ್ನಿಶಾಮಕ ಕಚೇರಿಗೆ ಹೋಗಿ. ಗ್ರಾಮ ಪಂಚಾಯತಿಯ ಒಳಗಿದ್ದರೆ ರಾಜ್ಯ ಅಗ್ನಿಶಾಮಕ ಸೇವೆಗಳ ನಿರ್ದೇಶನಾಲಯವನ್ನು ಕೇಳಿ. ಬಾಯಿಮಾತಲ್ಲಿ ಕೇಳಬೇಡಿ. ತಬೇಲಾದ ಅಳತೆ, ಎಮ್ಮೆಗಳ ಸಂಖ್ಯೆ, ಅಟ್ಟದಲ್ಲಿ ಎಷ್ಟು ಹುಲ್ಲು, ಎಷ್ಟು ಜನ ಮಲಗುತ್ತಾರೆ, ಎಲ್ಲ ಬರೆದು ಅರ್ಜಿ ಕೊಟ್ಟು, ಅದು ಸೇರಿತು ಅನ್ನುವ ಇನ್‌ವರ್ಡ್ ನಂಬರಿನ ಚೀಟಿ ತಗೊಳ್ಳಿ. ನಾಳೆ ಏನಾದರೂ ಆದರೆ ಆ ಚೀಟಿ ಕೆಲಸಕ್ಕೆ ಬರುತ್ತದೆ. ಜಾಗ ನಗರದ ಮಿತಿಯಲ್ಲಿದ್ದರೆ ದನ ಸಾಕಲು 1976ರ ಕಾಯ್ದೆಯ ಲೈಸೆನ್ಸ್ ಬೇರೆ ಬೇಕಾಗಬಹುದು. ಅದು ಯಾರ ಹೆಸರಲ್ಲಿದೆ, ಎಷ್ಟು ತಲೆಗೆ ಇದೆ ಅಂತ ಮಾಲೀಕರನ್ನು ಕೇಳಿ ನೋಡಿಕೊಳ್ಳಿ.

ಈಗ ಏಜೆಂಟ್. ಕಾಯ್ದೆಯ ಪ್ರಕಾರ ಬೆಂಕಿ ನಂದಿಸುವ ವ್ಯವಸ್ಥೆ ಕೂರಿಸುವುದು, ನೋಡಿಕೊಳ್ಳುವುದು ಲೈಸೆನ್ಸ್ ಇರುವ ಏಜೆನ್ಸಿಯ ಕೆಲಸ. ಕೂರಿಸಿದ ಮೇಲೆ 'ಫಾರ್ಮ್ ಎ' ಕೊಡುತ್ತಾರೆ. ಆಮೇಲೆ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, ಎಲ್ಲ ಸರಿ ಇದೆ ಅಂತ 'ಫಾರ್ಮ್ ಬಿ' ಕೊಡಬೇಕು. ಜಾಗ ನೋಡದೆ ಕೊಡುವ ಕಾಗದ ಕಾಗದವೇ ಅಲ್ಲ. ಲೈಸೆನ್ಸಿನ ಪ್ರತಿ ತೋರಿಸು ಅನ್ನಿ. ಆಮೇಲೆ ಅವನು ನಿಮ್ಮ ಕಡೆ ತಲೆ ಹಾಕಲಿಕ್ಕಿಲ್ಲ.

ಕಾನೂನಿನ ಮಾತು ಇಷ್ಟು. ಆದರೆ ನನ್ನ ಮನಸ್ಸಿನಲ್ಲಿರುವುದು ನಿಮ್ಮ ಅಟ್ಟ.

ಮುಂಬಯಿ ತಬೇಲಾಗಳಲ್ಲಿ ನಾನು ಕಂಡದ್ದು ಹೀಗೆ. ಅಟ್ಟಕ್ಕೆ ಒಂದು ಮರದ ಏಣಿ. ಮೇಲೆ ಒಂದು ಕಡೆ ಭತ್ತದ ಹುಲ್ಲಿನ ಕಟ್ಟು, ಇನ್ನೊಂದು ಕಡೆ ಹುಡುಗರ ಹಾಸಿಗೆ. ನಡುವೆ ಸಣ್ಣ ಗ್ಯಾಸ್ ಒಲೆ. ಒಂದೇ ಬೋರ್ಡಿಗೆ ನಾಲ್ಕು ಮೊಬೈಲ್ ಚಾರ್ಜರ್. ರಾತ್ರಿ ಸೊಳ್ಳೆ ಬತ್ತಿ. ಕೆಳಗೆ ಹಿಂಡಿ ಚೀಲ, ಹೊಟ್ಟಿನ ಚೀಲ. ಬೆಂಕಿ ಬಿದ್ದರೆ ಉರಿಯುವ ಹುಲ್ಲು ನೇರ ಎಮ್ಮೆಗಳ ಬೆನ್ನ ಮೇಲೆ ಬೀಳುತ್ತದೆ. ಕಟ್ಟಿದ ಎಮ್ಮೆ ಎಲ್ಲಿಗೆ ಹೋಗಬೇಕು? ಹಾಗಾಗಿ ನಿಮ್ಮ ಮೊದಲ ಖರ್ಚು ಬೆಂಕಿ ನಂದಿಸುವ ಸಿಲಿಂಡರಿನದಲ್ಲ, ಹುಲ್ಲನ್ನು ಕೆಳಗಿಳಿಸಿ ಬೇರೆ ಶೆಡ್ಡಿಗೆ ಹಾಕುವುದರದ್ದು. ಅಟ್ಟದಲ್ಲಿ ಒಂದೆರಡು ದಿನದ ಮೇವಷ್ಟೇ ಇರಲಿ. ಹುಡುಗರಿಗೆ ಬೇರೆ ಕೋಣೆ ಮಾಡಿ ಕೊಡಿ. ಜಾಗ ಇಲ್ಲ ಅನ್ನಬೇಡಿ. ಹೋಟೆಲಿನಲ್ಲಿ ಕೆಲಸ ಮಾಡುವವರಿಗೆ ಮಲಗಲು ಜಾಗ ಮಾಡಿದವರಲ್ವಾ ನೀವು.

ಎರಡನೆಯದು ವೈರು. ಗಂಜಲದಿಂದ ಅಮೋನಿಯಾ ಏಳುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ಹೋಲ್ಡರಿನ ಒಳಗೆ ಹಸಿರು ಪುಡಿ ಕಂಡರೆ ಕೀಲು ಸಡಿಲವಾಗಿ ಕಾಯುತ್ತಿದೆ ಅಂತ ತಿಳಿಯಿರಿ. ಇಲಿ ಕಚ್ಚಿದ್ದು ಬೇರೆ. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಕಡಬಾ ಕುಟ್ಟಿ ಯಂತ್ರ, ಫ್ಯಾನು, ಎಲ್ಲವನ್ನೂ ಒಂದೇ ಹಳೇ ಲೈನಿಗೆ ಸಿಕ್ಕಿಸಿರುತ್ತಾರೆ. ವೈರುಗಳನ್ನು ಮುಚ್ಚಿದ ಪೈಪಿನಲ್ಲಿ ಹಾಯಿಸಿ. ಬೋರ್ಡು ಕೊಟ್ಟಿಗೆಯ ಹೊರಗೋಡೆಗೆ ಬರಲಿ. ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್ಚು, ಆರ್‌ಸಿಸಿಬಿ, ಹಾಕಿಸಿ: ಪ್ಲಗ್ ಪಾಯಿಂಟುಗಳಿಗೆ 30 ಮಿಲಿಆಂಪಿಯರಿನದು, ಪೂರ್ತಿ ಶೆಡ್ಡಿಗೆ ಬೆಂಕಿ ತಡೆಯಲು 300 ಮಿಲಿಆಂಪಿಯರಿನದು. ಕೃಷಿ ಕಟ್ಟಡಗಳಿಗೆ ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಹೇಳುವುದೂ ಇದನ್ನೇ. ನಾಲ್ಕು ಕಾಲು ಒದ್ದೆ ನೆಲದ ಮೇಲಿರುವ ಪ್ರಾಣಿಗೆ ನಮಗಿಂತ ಬೇಗ ಶಾಕ್ ತಟ್ಟುತ್ತದೆ. ಹಾಗಾಗಿ ಇದರಿಂದ ಎರಡು ಲಾಭ.

ಮೂರನೆಯದು ಕೊರಳ ಸರಪಳಿ. ಇದನ್ನು ಯಾವ ಫಾರ್ಮೂ ಕೇಳುವುದಿಲ್ಲ. ಎಮ್ಮೆ ಹೆದರಿ ಹಿಂದಕ್ಕೆ ಜಗ್ಗಿದರೆ ಸರಪಳಿಯ ಕೊಕ್ಕೆ ಬಿಗಿದು ಕೂರುತ್ತದೆ. ಹೊಗೆಯಲ್ಲಿ, ನಡುಗುವ ಕೈಯಲ್ಲಿ ಅದನ್ನು ಬಿಚ್ಚಲು ಆಗುವುದಿಲ್ಲ. ಗೋದಲಿ ಕಡೆಯ ತುದಿಯನ್ನು ಹಗ್ಗಕ್ಕೆ ಬದಲಿಸಿ, ತುದಿ ಎಳೆದರೆ ಬಿಚ್ಚುವ ಗಂಟು ಹಾಕಿಸಿ. ಬಾಗಿಲ ಪಕ್ಕ ಒಂದು ಕುಡುಗೋಲು ಮೊಳೆಗೆ ತೂಗುಹಾಕಿ. ಅದನ್ನು ಬೇರೆ ಕೆಲಸಕ್ಕೆ ಮುಟ್ಟಬಾರದು.

ಬಿಚ್ಚಿದರೂ ಮುಗಿಯಲಿಲ್ಲ. ಉತ್ತರದ ಒಂದು ಉಪನಗರದಲ್ಲಿ ತಬೇಲಾಕ್ಕೆ ಬೆಂಕಿ ಬಿದ್ದಾಗ ನನ್ನನ್ನು ಕರೆಸಿದ್ದರು. ಹುಡುಗರು ಜೀವದ ಹಂಗು ಬಿಟ್ಟು ಒಂದು ಸಾಲು ಎಮ್ಮೆಗಳನ್ನು ಹೊರಗೆ ಅಟ್ಟಿದ್ದರು. ಅವುಗಳಲ್ಲಿ ಕೆಲವು ತಿರುಗಿ ಒಳಗೆ ಓಡಿದವು. ತಮ್ಮ ತಮ್ಮ ಗೋದಲಿಯ ಮುಂದೆಯೇ ಹೋಗಿ ನಿಂತವು. ಅವಕ್ಕೆ ಅದೇ ಮನೆ, ಭಯವಾದಾಗ ಹೋಗುವ ಜಾಗ. ಅದಕ್ಕೇ ಹೇಳುವುದು: ಹೊರಬಂದ ಎಮ್ಮೆ ಹೋಗಿ ನಿಲ್ಲಲು ಬೇಲಿ ಹಾಕಿದ ಒಂದು ಜಾಗ ಬೇಕು, ಹಿಂದಿನಿಂದ ಬಾಗಿಲು ಮುಚ್ಚಲು ಒಬ್ಬ ಆಳು ಬೇಕು. ತಬೇಲಾದ ಎಮ್ಮೆ ಎಷ್ಟೋ ತಿಂಗಳು ಕಟ್ಟಿದಲ್ಲೇ ಇರುತ್ತದೆ. ವಾರಕ್ಕೊಮ್ಮೆಯಾದರೂ ಆ ಬಾಗಿಲಿನಿಂದ ಆ ಬೇಲಿಗೆ ನಡೆಸಿ, ಅಲ್ಲೇ ಒಂದು ಹಿಡಿ ಹಿಂಡಿ ಹಾಕಿ. ದಾರಿ ಗೊತ್ತಾಗುತ್ತದೆ.

ಸಿಲಿಂಡರ್ ಬೇಡ ಅಂತಲ್ಲ. ಐಎಸ್‌ಐ ಗುರುತಿನ 6 ಕಿಲೋ ಎಬಿಸಿ ಪುಡಿಯ ಸಿಲಿಂಡರ್ ಬಾಗಿಲ ಬಳಿ ಇಡಿ, ಅದರ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯಾ ಅಂತ ನೋಡುತ್ತಿರಿ. ಆದರೆ ಹುಲ್ಲಿನ ಬೆಂಕಿಗೆ ಕೊನೆಗೂ ಬೇಕಾದದ್ದು ನೀರು. ಬೆಂಕಿ ಬಿದ್ದಾಗ ಮೊದಲು ಕರೆಂಟ್ ತೆಗೆಯುತ್ತಾರೆ, ಆಗ ನಿಮ್ಮ ಮೋಟರೂ ನಿಲ್ಲುತ್ತದೆ. ಎತ್ತರದ ಟಾಂಕಿಯಿಂದ ತಾನಾಗಿ ಇಳಿಯುವ ಒಂದು ದಪ್ಪ ಪೈಪು ಇರಲಿ. ಇಲ್ಲವೇ ಡೀಸೆಲ್ ಪಂಪು.

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಪುಣೆಯಲ್ಲಿ ಐಟಿ ಕೆಲಸ. ಮುಳಶಿ ತಾಲೂಕಿನಲ್ಲಿ 6,000 ಕೋಳಿಗಳ ಶೆಡ್ ಮಾಡಿ ಒಂದು ಕಂಪನಿಯ ಜೊತೆ ಒಪ್ಪಂದದಲ್ಲಿ ಸಾಕುತ್ತಿದ್ದೇನೆ. ಮರಿಗಳಿಗೆ ಶಾಖ ಕೊಡುವಾಗ ಪಕ್ಕದ ಊರಿನ ಶೆಡ್ ಸುಟ್ಟು ಹೋಯಿತು. ಮಾಲಿನ್ಯ ಮಂಡಳಿಯ ಒಪ್ಪಿಗೆ ನನ್ನ ಹತ್ತಿರ ಇದೆ. ಅಷ್ಟು ಸಾಕಲ್ಲವೇ?

ಉತ್ತರ: ಸಾಲದು. ಕೇಂದ್ರ ಮಾಲಿನ್ಯ ಮಂಡಳಿಯ ಕೋಳಿ ಫಾರಂ ಮಾರ್ಗಸೂಚಿ ಮನೆಗಳಿಂದ 500 ಮೀಟರ್ ದೂರ, ನದಿ ಕೆರೆಯಿಂದ 100 ಮೀಟರ್ ದೂರ ಅನ್ನುತ್ತದಲ್ಲ, ಅದು ವಾಸನೆ, ನೊಣ, ಕೊಳಕು ನೀರಿನ ವಿಷಯ. ಬೆಂಕಿಗೂ ಅದಕ್ಕೂ ಸಂಬಂಧ ಇಲ್ಲ. ಬಹಳ ಜನ ಒಂದು ಕಾಗದ ಸಿಕ್ಕಿದರೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ನಿಮ್ಮ ಕಡೆ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ (ಪಿಎಂಆರ್‌ಡಿಎ) ತನ್ನದೇ ಅಗ್ನಿಶಾಮಕ ವಿಭಾಗ ಇದೆ. ಶೆಡ್ಡಿನ ನಕ್ಷೆ ಹಿಡಿದುಕೊಂಡು ಅಲ್ಲಿ ಕೇಳಿ.

ಮರಿಗಳ ಮೊದಲ ವಾರವೇ ನಿಮಗೆ ಅಪಾಯದ ವಾರ. ಒಂದು ದಿನದ ಮರಿಗೆ ಹತ್ತಿರ ಹತ್ತಿರ 35 ಡಿಗ್ರಿ ಬೇಕು. ಪುಣೆಯ ಡಿಸೆಂಬರ್ ರಾತ್ರಿಯಲ್ಲಿ ಅಷ್ಟು ಮಾಡಲು ಸುತ್ತಲೂ ಪ್ಲಾಸ್ಟಿಕ್ ಪರದೆ ಇಳಿಸುತ್ತೀರಿ. ಕೆಳಗೆ ಒಣ ಭತ್ತದ ಹೊಟ್ಟು, ಅದರ ಮೇಲೆ ಪೇಪರು. ನಡುವೆ ಇದ್ದಿಲ ಸಿಗಡಿ ಇಲ್ಲವೇ ಮರಿಗಳಿಗೆ ಶಾಖ ಕೊಡುವ ಗ್ಯಾಸ್ ಬ್ರೂಡರ್. ಬೆಂಕಿಗೆ ಇನ್ನೇನು ಬೇಕು ಹೇಳಿ? ಸಿಗಡಿ ಬಿಟ್ಟೇಬಿಡಿ. ಮುಚ್ಚಿದ ಶೆಡ್ಡಿನಲ್ಲಿ ಅದರ ವಿಷಗಾಳಿಗೇ ಮರಿಗಳು ಸಾಯುತ್ತವೆ, ಕಾವಲಿಗೆ ಮಲಗಿದವನಿಗೂ ಕಷ್ಟ. ಗ್ಯಾಸ್ ಆದರೆ ಸಿಲಿಂಡರ್ ಶೆಡ್ಡಿನ ಹೊರಗೆ ಇರಲಿ, ಕೊಳವೆ ವರ್ಷ ವರ್ಷ ಬದಲಾಗಲಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ, ಹೊಟ್ಟಿನ ಮೇಲೇ ಹರಡಿ ಕೂರುತ್ತದೆ, ನಿಮ್ಮ ಮೂಗಿಗೆ ತಡವಾಗಿ ಗೊತ್ತಾಗುತ್ತದೆ. ಬ್ರೂಡರನ್ನು ಪ್ಲಾಸ್ಟಿಕ್ ದಾರಕ್ಕೆ ತೂಗಬೇಡಿ. ಸರಪಳಿಗೆ ತೂಗಿ, ಜೊತೆಗೆ ಇನ್ನೊಂದು ಸರಪಳಿ. ಒಂದು ಕಡಿದರೂ ಅದು ಹೊಟ್ಟಿನ ಮೇಲೆ ಬೀಳಬಾರದು. ಆ ವಾರ ರಾತ್ರಿ ಎಚ್ಚರ ಇರುವ ಆಳು ಬೇಕೇಬೇಕು. ಲ್ಯಾಪ್‌ಟಾಪಿನಲ್ಲಿ ಕ್ಯಾಮೆರಾ ನೋಡ್ತೀನಿ ಅಂದರೆ ಆಗಲ್ಲ. ಐಟಿ ಕಂಪನಿಗಳಿರುವ ಹಿಂಜವಡಿಯಿಂದ ಮುಳಶಿಗೆ ನೀವು ಬರುವಷ್ಟರಲ್ಲಿ ಬೂದಿ ಇರುತ್ತದೆ.

ಇನ್ನೊಂದು ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಪ್ಪಂದದ ಸಾಕಣೆಯಲ್ಲಿ ಸಾಮಾನ್ಯವಾಗಿ ಮರಿ ಮತ್ತು ಆಹಾರ ಕಂಪನಿಯದು, ಶೆಡ್ ನಿಮ್ಮದು. ಕಂಪನಿಯ ವಿಮೆ ಅವರ ಕೋಳಿಗೆ. ನಿಮ್ಮ ಶೆಡ್ಡಿಗೆ ವಿಮೆ ನೀವೇ ಮಾಡಿಸಬೇಕು. 5 ಕೋಟಿ ರೂಪಾಯಿವರೆಗಿನ ಸಣ್ಣ ಉದ್ಯಮಗಳಿಗೆ 2021ರ ಏಪ್ರಿಲ್‌ನಿಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಪಾಲಿಸಿ ಇದೆ. ಅರ್ಜಿಯಲ್ಲಿ ಬ್ರೂಡರ್ ಗ್ಯಾಸಿನದು ಅಂತ ಸ್ಪಷ್ಟವಾಗಿ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ಅದನ್ನೇ ಹಿಡಿದು ಎಳೆಯುತ್ತಾರೆ.

ಪ್ರಶ್ನೆ: ಡಾಕ್ಟರ್ ಬಾಯಿಯವರೇ, ನಾವು ಬಾಗಲಕೋಟೆ ಕಡೆಯವರು. ಯಜಮಾನರ ಕೆಲಸಕ್ಕೆ ಅಂತ ಗೋವಾಕ್ಕೆ ಬಂದು ಫೋಂಡಾ ಹತ್ತಿರ ನೆಲೆಸಿದ್ದೇವೆ. ನಾಲ್ಕು ಹಸು ಇವೆ, ಹಾಲು ಡೇರಿಗೆ ಹಾಕುತ್ತೇನೆ. ಹಿಂದೆ ಗೋಡಂಬಿ ಗುಡ್ಡ. ಬೇಸಿಗೆಯಲ್ಲಿ ಅಲ್ಲಿ ಬೆಂಕಿ ಬಿದ್ದರೆ ನಮ್ಮ ಬಣವೆವರೆಗೆ ಬರುತ್ತದೆ ಅಂತ ಭಯ. ಏನಾದರೂ ಆದರೆ ಸರಕಾರದಿಂದ ಏನು ಸಿಗುತ್ತದೆ?

ಉತ್ತರ: ನಿನ್ನ ಭಯ ಸುಮ್ನೆ ಅಲ್ಲ ತಂಗಿ. 2023ರ ಮಾರ್ಚ್‌ನಲ್ಲಿ ಮಹದಾಯಿ ಅಭಯಾರಣ್ಯದ ಸುತ್ತ ಎಷ್ಟು ಕಡೆ ಗುಡ್ಡ ಹೊತ್ತಿ ಉರಿಯಿತು ಅನ್ನೋದು ನಿನಗೂ ನೆನಪಿರಬೇಕು. ಬಣವೆಯನ್ನು ಗುಡ್ಡದ ಕಡೆಯಿಂದ ತೆಗೆದು ಮನೆಯ ಇನ್ನೊಂದು ಬದಿಗೆ ಒಟ್ಟು. ಕೊಟ್ಟಿಗೆಯ ಗೋಡೆಗೆ ಆನಿಸಬೇಡ. ಫೆಬ್ರವರಿಯೊಳಗೆ ಗುಡ್ಡದ ಕಡೆ ನಾಲ್ಕಾರು ಮಾರು ಅಗಲಕ್ಕೆ ತರಗೆಲೆ, ಒಣ ಹುಲ್ಲು ಗುಡಿಸಿ ಬರೀ ಮಣ್ಣು ಕಾಣುವ ಹಾಗೆ ಮಾಡು. ನೊಣಕ್ಕೆ, ಸೊಳ್ಳೆಗೆ ಅಂತ ಸಂಜೆ ಕುಳ್ಳು, ಬೇವಿನ ಸೊಪ್ಪು ಹಾಕಿ ಹೊಗೆ ಹಾಕುತ್ತೀಯಲ್ಲ, ಅದನ್ನು ನೆಲದ ಮೇಲೆ ಹಾಕದೆ ಹಳೇ ಕಬ್ಬಿಣದ ಬಾಣಲೆಯಲ್ಲಿ ಹಾಕು. ಮಲಗುವ ಮುಂಚೆ ನೀರು ಸುರಿ. ಒಳಗೆ ಕೆಂಡ ಬಹಳ ಹೊತ್ತು ಇರುತ್ತದೆ.

ಮಳೆಗೆ ನೆನೆದ ಹುಲ್ಲನ್ನು ಹಾಗೇ ಒಟ್ಟಬಾರದು. ಹಸಿ ಇದ್ದರೆ ಬಣವೆ ಒಳಗೊಳಗೇ ಕಾಯುತ್ತದೆ, ಎರಡು ವಾರದಿಂದ ಆರು ವಾರದ ಒಳಗೆ ತಾನಾಗಿ ಹೊತ್ತಿಕೊಳ್ಳಬಹುದು. ಒಂದು ಉದ್ದ ಕಬ್ಬಿಣದ ಸರಳು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಟ್ಟಿ ನೋಡು. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಸುಮಾರು 65 ಡಿಗ್ರಿ ದಾಟಿದೆ ಅಂತ ಲೆಕ್ಕ. ಆಗ ಒಬ್ಬಳೇ ಕೆದಕಲು ಹೋಗಬೇಡ. ಗಾಳಿ ತಾಗಿದ ಕೂಡಲೇ ಭಗ್ ಅಂತ ಹೊತ್ತುತ್ತದೆ. 101ಕ್ಕೆ ಫೋನ್ ಮಾಡಿ, ನೀರಿನ ಗಾಡಿ ಬಂದ ಮೇಲೆ ಬಿಚ್ಚಿಸು.

ಪರಿಹಾರದ ಮಾತು. ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬೆಂಕಿಯೂ ಇದೆ. 2022ರಿಂದ 2026ರವರೆಗಿನ ನಿಯಮದಲ್ಲಿ ಕರೆಯುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಆಡು ಕುರಿಗೆ 4,000. ಆದರೆ ಒಂದು ಮನೆಗೆ ದೊಡ್ಡ ಹಾಲಿನ ದನ ಮೂರಕ್ಕೆ ಮಾತ್ರ. ನಿನ್ನ ನಾಲ್ಕನೆಯದು ಲೆಕ್ಕಕ್ಕಿಲ್ಲ. ಒಳ್ಳೇ ಹಸುವಿನ ಇವತ್ತಿನ ಬೆಲೆ ನಿನಗೇ ಗೊತ್ತು, ಈ ದುಡ್ಡಲ್ಲಿ ಇನ್ನೊಂದು ಬರುವುದಿಲ್ಲ. ಹಾಗಾಗಿ ವಿಮೆ ಮಾಡಿಸು. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಕಂತಿನ ಬಹುಪಾಲು ಸರಕಾರವೇ ಕಟ್ಟುತ್ತದೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳು. ಕಿವಿಯಲ್ಲಿ 12 ಅಂಕಿಯ ಬಿಲ್ಲೆ ಇರಲೇಬೇಕು. ಬಿಲ್ಲೆ ಇಲ್ಲದಿದ್ದರೆ ದುಡ್ಡಿಲ್ಲ. ನಾಲ್ಕೂ ಹಸುವಿನ ಮುಖ, ಬಿಲ್ಲೆ ಕಾಣುವ ಹಾಗೆ ಫೋಟೋ ತೆಗೆದು ಊರಲ್ಲಿರುವ ತಮ್ಮನಿಗೋ ಅಕ್ಕನಿಗೋ ವಾಟ್ಸಾಪಿನಲ್ಲಿ ಕಳಿಸಿಡು. ಮನೆಯ ಫೋನೂ ಸುಟ್ಟುಹೋದರೆ?

ದೇವರ ದಯೆಯಿಂದ ಬೇಡ, ಆದರೂ ಹಸು ಸತ್ತರೆ ಅವಸರದಲ್ಲಿ ಹೂಳಬೇಡ. ಊರಿನವರು "ನೋಡೋಕಾಗಲ್ಲ, ಬೇಗ ಮಣ್ಣು ಮಾಡಿ" ಅನ್ನುತ್ತಾರೆ, ಅವರ ಮಾತೂ ತಪ್ಪಲ್ಲ. ಆದರೆ ತಲಾಠಿ, ಅಂದರೆ ಊರಿನ ಕಂದಾಯ ಅಧಿಕಾರಿ, ಪಂಚನಾಮೆ ಮಾಡಬೇಕು, ಸರಕಾರಿ ಡಾಕ್ಟರ್ ಕೊಯ್ದು ನೋಡಬೇಕು. ನಾವು ಮೊದಲು ನೋಡುವುದು ಶ್ವಾಸನಾಳ. ಉದ್ದಕ್ಕೆ ಸೀಳಿದಾಗ ಒಳಗೋಡೆಗೆ ಕಪ್ಪು ಮಸಿ ಅಂಟಿದ್ದರೆ, ಬೆಂಕಿ ಬಿದ್ದಾಗ ಹಸು ಬದುಕಿತ್ತು, ಉಸಿರಾಡುತ್ತಿತ್ತು ಅಂತ ಅರ್ಥ. ಮಸಿ ಇಲ್ಲದಿದ್ದರೆ, ಮೊದಲೇ ಸತ್ತ ದನವನ್ನು ಸುಟ್ಟು ದುಡ್ಡು ಕೇಳುತ್ತಿದ್ದಾರಾ ಅಂತ ವಿಮೆಯವರು ಅನುಮಾನ ಪಡುತ್ತಾರೆ. ಒಂದೆರಡು ಗೆರೆಯ ಆ ವರದಿಯ ಮೇಲೆ ನಿನ್ನ ಕ್ಲೇಮ್ ನಿಂತಿರುತ್ತದೆ. ಬಿಲ್ಲೆ ಕರಗಿದ್ದರೂ ಕಿವಿಯಿಂದ ಕಿತ್ತು ತೆಗೆಯಬೇಡ.

ಪ್ರಶ್ನೆ: ಬೇರೆ ದೇಶದಲ್ಲಾದರೂ ಪ್ರಾಣಿಗಳನ್ನೇ ಲೆಕ್ಕಕ್ಕೆ ಹಿಡಿದ ಬೆಂಕಿ ನಿಯಮ ಇದೆಯೇ? (ಮುಲುಂಡದ ಓದುಗರು)

ಉತ್ತರ: ಇದೆ. ಅಮೆರಿಕದಲ್ಲಿ ಎನ್‌ಎಫ್‌ಪಿಎ 150 ಎಂಬ ಸಂಹಿತೆ ಪ್ರಾಣಿಗಳನ್ನು ಇಡುವ ಕಟ್ಟಡಗಳಿಗೇ ಮೀಸಲು. 1979ರಲ್ಲಿ ಶುರುವಾದದ್ದು ರೇಸ್ ಕುದುರೆಗಳ ಲಾಯಕ್ಕೆ. ದುಡ್ಡಿರುವ ಪ್ರಾಣಿಗೆ ಮೊದಲು ನಿಯಮ, ಅದು ಎಲ್ಲ ಕಡೆ ಹಾಗೇ! ಆದರೆ ಅದನ್ನು ಒಪ್ಪುವುದು ಬಿಡುವುದು ಅಲ್ಲಿನ ಸ್ಥಳೀಯ ಆಡಳಿತಗಳಿಗೆ ಬಿಟ್ಟದ್ದು. 2023ರ ಏಪ್ರಿಲ್ 10ರಂದು ಟೆಕ್ಸಸ್‌ನ ಡಿಮ್ಮಿಟ್ ಬಳಿಯ ಒಂದು ಡೇರಿಯಲ್ಲಿ ಸುಮಾರು 18,000 ಹಸುಗಳು ಸತ್ತವು. ಸಗಣಿ ಹೀರುವ ಗಾಡಿಯ ಇಂಜಿನ್ನಿಗೆ ಹೊತ್ತಿದ ಬೆಂಕಿಯಿಂದ ಶುರುವಾಯಿತು ಅಂತ ತನಿಖೆ ಹೇಳಿತು. ನಮ್ಮಲ್ಲೂ ಕೆಲವರು ಟ್ರ್ಯಾಕ್ಟರನ್ನು ಕೊಟ್ಟಿಗೆಯೊಳಗೇ, ಹುಲ್ಲಿನ ಪಕ್ಕದಲ್ಲೇ ನಿಲ್ಲಿಸುತ್ತಾರೆ. ಬಿಸಿ ಸೈಲೆನ್ಸರ್ ಆರುವ ತನಕವಾದರೂ ಹೊರಗೆ ನಿಲ್ಲಿಸಿ.

ಪ್ರಶ್ನೆ: ಸಣ್ಣ ಬೆಂಕಿಗೆ ಸಿಲಿಂಡರಿನ ಪುಡಿ ಹೊಡೆದೆವು. ಆ ಪುಡಿ ಮೇವಿನ ಮೇಲೆ, ಹಸುಗಳ ಮೈಮೇಲೆ ಬಿತ್ತು. ಹಾಲು ಬಳಸಬಹುದೇ? (ಪಿಂಪ್ರಿ)

ಉತ್ತರ: ಪುಡಿ ಬಿದ್ದ ಮೇವು, ಹಿಂಡಿ ಎಲ್ಲ ತೆಗೆದು ಎಸೆಯಿರಿ, ಝಾಡಿಸಿ ಹಾಕುವುದು ಬೇಡ. ಎಬಿಸಿ ಪುಡಿಯಲ್ಲಿ ಇರುವುದು ಹೆಚ್ಚಾಗಿ ಅಮೋನಿಯಂ ಫಾಸ್ಫೇಟ್. ಜಾಸ್ತಿ ಹೊಟ್ಟೆಗೆ ಹೋದರೆ ದನಕ್ಕೆ ಯೂರಿಯಾ ತಿಂದ ಹಾಗೆ ವಿಷವೇರಬಹುದು. ನೀರಿನ ತೊಟ್ಟಿಯನ್ನೂ ಖಾಲಿ ಮಾಡಿ ತೊಳೆಯಿರಿ. ಹಸುಗಳ ಮೈ, ಕೆಚ್ಚಲು, ಮೂಗು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಆ ಹೊತ್ತಿನ ಹಾಲು ಚೆಲ್ಲಿ. ಹೊಟ್ಟೆ ಉಬ್ಬರ, ಮೈ ನಡುಕ, ಜೊಲ್ಲು ಕಂಡರೆ 1962ಕ್ಕೆ ಫೋನ್ ಮಾಡಿ, ಪಶುವೈದ್ಯರ ಗಾಡಿ ಬರುತ್ತದೆ. ಖಾಲಿಯಾದ ಸಿಲಿಂಡರನ್ನು ಇವತ್ತೇ ತುಂಬಿಸಲು ಕೊಡಿ.